ಕಾರಿನಷ್ಟು ಬೆಳಕಿನ ಸೈಕಲ್ಲು

ರಾತ್ರಿ ಕಟಿಂಗ್ ಶಾಪಿಗೆ ಬಾಗಿಲು ಹಾಕಿ, ಕೆರೆ ಏರಿಯ ಮೇಲೆ ತಣ್ಣನೆ ಗಾಳಿಗೆ ಎದೆಯೊಡ್ಡಿ, ಏನೋ ಗುನುಗುತ್ತಾ ಸೈಕಲ್ ತುಳಿಯುವುದೆಂದರೆ ಊರಿನ ಕ್ಷೌರಿಕನಿಗೆ ಸ್ವರ್ಗ. ದಿನವಿಡೀ ನಿಂತು ಸೋತ ಕಾಲಿಗೆ ಅದೇ ಔಷಧ.

ಆ ಸುಖಕ್ಕೆ ಮಣ್ಣು ಹಾಕಿದವರು ಪುರಸಭೆ ಅಧ್ಯಕ್ಷ ಚಿಕ್ಕವೀರಪ್ಪನವರು. ಏರಿಗೆ ಒಂದು ಬೀದಿದೀಪ ಹಾಕಿಸದ ಪುಣ್ಯಾತ್ಮರು, ತಮ್ಮ ಹೊಸ ಕಾರಿಗೆ ಮಾತ್ರ ಮದುವೆ ಮನೆಯಷ್ಟು ದೀಪ ಹಾಕಿಸಿದ್ದರು. ಒಂದು ರಾತ್ರಿ ಆ ಕಾರು ಎದುರಿಗೇ ಬಂತು. ಆ ಬೆಳಕಿಗೆ ಕಣ್ಣು ಕತ್ತಲಿಟ್ಟು, ಕ್ಷೌರಿಕ ಸೈಕಲ್ ಸಮೇತ ಮುಳ್ಳಿನ ಪೊದೆಗೆ ಬಿದ್ದ.

ಅಧ್ಯಕ್ಷರು ಗಾಜು ಇಳಿಸಿದರು. ಪೆಟ್ಟಾಯಿತೇ ಎಂದು ಕೇಳಲಿಲ್ಲ. ಸೈಕಲ್ಲಿನ ಡೈನಮೊ ದೀಪ ನೋಡಿ ಗುಡುಗಿದರು: "ಏನೋ ಇದು, ಮಿಣುಕುಹುಳ ಕಟ್ಕೊಂಡು ಬಂದಿದೀಯ? ನಾಳೆಯಿಂದ ನನ್ನ ಕಾರಿನಷ್ಟು ಬೆಳಕಿಲ್ಲದ ಸೈಕಲ್ಲು ಈ ಏರಿ ಹತ್ತಕೂಡದು. ಹತ್ತಿದ್ರೆ ಜಪ್ತಿ!"

"ಅಪ್ಪಣೆ ಬುದ್ಧಿ," ಎಂದ ಕ್ಷೌರಿಕ, ತಲೆಯಿಂದ ಮುಳ್ಳು ಕೀಳುತ್ತಾ.

ಊರವರಿಗೆಲ್ಲ ಕನ್ನಡಿ ಹಿಡಿಯುವುದೇ ಅವನ ಕಸುಬು. ಮರುದಿನ ರಾತ್ರಿ ಅಂಗಡಿಯ ಹಳೆಯ ಕನ್ನಡಿಯೊಂದನ್ನು ಹ್ಯಾಂಡಲ್ಲಿನ ಮುಂದೆ ಬಿಗಿದು ಕಟ್ಟಿ ಏರಿ ಹತ್ತಿದ. ಕಾರು ಬಂತು. ಅದರ ಬೆಳಕೆಲ್ಲ ಕನ್ನಡಿಗೆ ಬಡಿದು, ಹಾಗೇ ಹಿಂದಿರುಗಿ ಅಧ್ಯಕ್ಷರ ಕಣ್ಣಿಗೇ ರಾಚಿತು. ಕಾರು ಕಿರ್ರನೆ ಕಿರುಚಿ ನಿಂತಿತು.

ಅಧ್ಯಕ್ಷರು ಕಣ್ಣಿಗೆ ಕೈ ಅಡ್ಡ ಹಿಡಿದು ಇಳಿದು ಬೊಬ್ಬೆ ಹೊಡೆದರು: "ಯಾವನೋ ಅವನು? ಎದುರಿಗೆ ಬರೋರು ಸಾಯ್ಬೇಕೇನೋ? ಕಣ್ಣೇ ಕಾಣ್ತಿಲ್ಲ, ಡಿಮ್ ಮಾಡೋ!"

ಕ್ಷೌರಿಕ ಸೈಕಲ್ಲಿನಿಂದ ಇಳಿದು ಕೈಮುಗಿದ.

"ಮಾಡ್ಬೋದು ಬುದ್ಧಿ. ಆದ್ರೆ ಸ್ವಿಚ್ಚು ನಿಮ್ಮ ಕಾರಲ್ಲೈತೆ."