ಕಷಾಯ ಕುಡಿದ ಹುಳ

“ಗುರುಗಳೇ, ಮೂರು ವರ್ಷ ಜಪ ಮಾಡಿದೆ. ನನ್ನ ಸಿಟ್ಟು ಸಾಯಲಿಲ್ಲ. ಇವತ್ತು ಬೆಳಿಗ್ಗೆ ಅನ್ನ ಸೀದುಹೋದಾಗಲೂ ಬಂತು, ಹಲ್ಲು ಕಚ್ಚಿಕೊಂಡು ಕೂತೆ. ಇದೆಲ್ಲ ಬಿಟ್ಟು ಊರಿಗೆ ಹೋಗಿಬಿಡಲೇ?” ಎಂದು ಶಿಷ್ಯ ಕೇಳಿದ. ಬಟ್ಟೆಯ ಗಂಟು ಆಗಲೇ ಕಟ್ಟಿಕೊಂಡು ಬಂದಿದ್ದ.

ಗುರುಗಳು ಗಂಟಿನ ಕಡೆ ಒಮ್ಮೆ ನೋಡಿ ಹೇಳತೊಡಗಿದರು.

ಒಬ್ಬ ರೈತ ಒಂದು ತುಂಡು ಹೊಲದಲ್ಲಿ ತೊಗರಿ ಹಾಕಿದ್ದ. ಮನೆಯವರು ವರ್ಷವಿಡೀ ಉಣ್ಣುವ ಬೇಳೆ ಆ ಹೊಲದ್ದೇ. ಕಾಯಿ ಬಲಿಯುವ ಹೊತ್ತಿಗೆ ಹಸಿರು ಹುಳ ಬಿತ್ತು. ಕಾಯಿಗೆ ತೂತು ಕೊರೆದು ಒಳಗಿನ ಕಾಳು ತಿನ್ನುವ ಜಾತಿ ಅದು. ರೈತನ ಹೆಂಡತಿ ಬೇಸಿಗೆಯಲ್ಲಿ ಆಯ್ದು ಒಣಗಿಸಿಟ್ಟ ಬೇವಿನ ಬೀಜ ತೆಗೆದಳು. ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, ನೀರಿನಲ್ಲಿ ನೆನೆಹಾಕಿ, ಮರುದಿನ ಹಿಂಡಿ ಕಷಾಯ ಮಾಡಿಕೊಟ್ಟಳು.

ರೈತನಿಗೆ ಯಾವುದನ್ನೂ ಸುಮ್ಮನೆ ನಂಬಿ ಅಭ್ಯಾಸವಿಲ್ಲ. ತಾನೇ ಒಂದು ಗುಟುಕು ಕುಡಿದು ನೋಡಿದ. ಮೂರು ಸಲ ಬಾಯಿ ಮುಕ್ಕಳಿಸಿದ, ಕಹಿ ಹೋಗಲಿಲ್ಲ. ಸಂಜೆ ಹೋಗಿ ಇಡೀ ಹೊಲಕ್ಕೆ ಸಿಂಪಡಿಸಿದ.

ಮರುದಿನ ಬೆಳಿಗ್ಗೆ ಗಿಡಗಳ ಕೆಳಗೆ ತನ್ನ ಒಳ್ಳೆಯ ಧೋತರ ಹಾಸಿದ. ಸತ್ತ ಹುಳ ಕಪ್ಪು ನೆಲದಲ್ಲಿ ಬಿದ್ದರೆ ಕಾಣುವುದಿಲ್ಲ, ಬಿಳಿ ಬಟ್ಟೆಯ ಮೇಲಾದರೆ ಕಾಣುತ್ತವೆ ಎಂಬ ವಿಚಾರ. ಮಧ್ಯಾಹ್ನದವರೆಗೆ ಕಾದ. ಎಲೆ ಬಿದ್ದವು. ಹುಳ ಬೀಳಲಿಲ್ಲ. ಒಂದು ಮೇಕೆ ಬಂದು ಧೋತರದ ಅಂಚು ತಿಂದು ಹೋಯಿತು.

ಎರಡನೆಯ ದಿನ ಗಿಡಕ್ಕೆ ಮೂಗು ತಾಗಿಸಿ ನಿಂತ. ಒಂದು ಹುಳ ಕಾಯಿಯ ಮೇಲೆ ಕೂತಿತ್ತು. ತಲೆ ಎತ್ತಿತು. ಕಾಯಿಗೆ ಬಾಯಿ ಹಚ್ಚಿತು. ಹಿಂದೆ ಸರಿಯಿತು. ಸಾರಿಗೆ ಉಪ್ಪು ಹೆಚ್ಚಾದ ಮನೆಗೆ ಬಂದ ನೆಂಟನಂತೆ, ಏನೂ ಹೇಳಲಾಗದೆ ಕೂತುಬಿಟ್ಟಿತು. ರೈತ ಅದನ್ನು ಒಂದು ತಾಸು ನೋಡಿದ. ಅದೂ ಅವನನ್ನು ನೋಡಿತು. ಸಾಯುವ ಲಕ್ಷಣ ಎರಡೂ ಕಡೆ ಇರಲಿಲ್ಲ.

ಪಕ್ಕದ ಹೊಲದವನು ಬದುವಿನ ಮೇಲೆ ನಿಂತು ಕೂಗಿದ: “ಏನಪಾ, ಹುಳಕ್ಕ ಕಷಾಯ ಕುಡಿಸಿದಿಯಂತ. ನೆಗಡಿ ಕಡಿಮಿ ಆತೇನು ಅವಕ್ಕ?”

ಆ ಮಾತು ರೈತನಿಗೆ ನಾಟಿತು. ಮೂರನೆಯ ದಿನವೂ ಹುಳ ಬದುಕಿದ್ದವು. ಬೆಳೆ ಹೇಗೂ ಹೋಯಿತು, ದನಕ್ಕಾದರೂ ಮೇವಾಗಲಿ ಎಂದು ಕುಡುಗೋಲು ಹಿಡಿದು ಕೊಯ್ಯತೊಡಗಿದ. ಹೆಂಡತಿ ಬುತ್ತಿ ತರುವಷ್ಟರಲ್ಲಿ ಅರ್ಧ ಹೊಲ ನೆಲಕ್ಕೆ ಮಲಗಿತ್ತು.

“ಏನ್ರಿ ಇದು! ಹಸಿ ತೊಗರಿ ಯಾಕ ಕೊಯ್ಯಾಕತ್ತೀರಿ?”

“ಒಂದ ಹುಳಾನೂ ಸತ್ತಿಲ್ಲ. ನಿನ್ನ ತವರಮನಿ ಔಷಧ ಅವಕ್ಕ ಹಬ್ಬದೂಟ ಆಗೈತಿ.”

ಆಕೆ ಬುತ್ತಿ ಕೆಳಗಿಟ್ಟಳು. ಬಿದ್ದ ಗಿಡದ ಕಾಯಿ ಹರಿದು ತಿರುಗಿಸಿ ನೋಡಿದಳು. ತೂತುಗಳಿದ್ದವು, ಆದರೆ ಅವುಗಳ ಅಂಚು ಒಣಗಿ ಕಂದಾಗಿತ್ತು. ಹಸಿ ತೂತು ಒಂದೂ ಇರಲಿಲ್ಲ. ಹತ್ತು ಕಾಯಿ ನೋಡಿದಳು, ಇಪ್ಪತ್ತು ನೋಡಿದಳು. ಮೂರು ದಿನದಿಂದ ಯಾವ ಹುಳವೂ ಹೊಸದಾಗಿ ಬಾಯಿ ಹಾಕಿರಲಿಲ್ಲ.

“ನೀವೂ ಒಂದು ಗುಟುಕು ಕುಡಿದ್ರಲ್ಲ. ಸತ್ರೇನು?”

“ಇಲ್ಲ.”

“ಈ ಮೂರು ದಿನದಾಗ ಒಂದರ ರೊಟ್ಟಿ ಪೂರಾ ಉಂಡೀರೇನು?”

ರೊಟ್ಟಿಯ ಹೆಸರು ಕೇಳಿದ್ದೇ ರೈತನ ಬಾಯಿ ಕಹಿಯಾಯಿತು. ಅವನು ಬಿದ್ದ ಗಿಡಗಳನ್ನು ನೋಡಿದ. ಹುಳದ ಕೈಲಿ ಮೂರು ದಿನದಲ್ಲಿ ಆಗದ ಕೆಲಸವನ್ನು ತಾನು ಊಟದ ಹೊತ್ತಿಗೆ ಮುಗಿಸಿದ್ದ. ಆ ವರ್ಷ ಮನೆಯವರು ಆರು ತಿಂಗಳು ಬೇಳೆ ಉಂಡರು, ಆರು ತಿಂಗಳು ಖಾರದ ನೀರು ಉಂಡರು. ದನ ಮಾತ್ರ ಮೈ ತುಂಬಿಕೊಂಡಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಕುತೂಹಲ ತಡೆಯಲಾಗಲಿಲ್ಲ.

“ಉಳಿದರ್ಧ ಹೊಲದ ಹುಳ ಆಮೇಲಾದರೂ ಸತ್ತವೇ, ಗುರುಗಳೇ?”

“ಅದಿರಲಿ,” ಎಂದರು ಗುರುಗಳು, “ಈ ವರ್ಷ ನಿನ್ನ ಸಿಟ್ಟು ಯಾರನ್ನು ಕಚ್ಚಿತು, ಒಬ್ಬರ ಹೆಸರು ಹೇಳು.”