ಹಿತ್ತಾಳೆ ಅಂಚಿನ ಮೇಜು

ಶಾಲೆಯ ಪ್ಲೈವುಡ್ ಮೇಜಿನ ಅಂಚಿಗೆ ಮೌನೇಶ ಬಡಿಗೇರ ಸಾಗವಾನಿ ಪಟ್ಟಿ ಕೂರಿಸುವವನಿದ್ದ. ಮಕ್ಕಳ ಮೊಣಕೈ ತರಚಬಾರದಲ್ಲ. ಅಷ್ಟರಲ್ಲಿ ಶಾಲಾ ಸಮಿತಿಯ ಅಧ್ಯಕ್ಷ ಶಿವನಗೌಡರು ಬಂದು ನಿಂತರು.

“ಕಟ್ಟಿಗಿ ಪಟ್ಟಿ ಬ್ಯಾಡ. ಸುತ್ತಲೂ ಹಿತ್ತಾಳಿ ಹೊಡಿ. ಫೋಟೋದಾಗ ಬಂಗಾರದಂಗ ಹೊಳೀಬೇಕು.”

ಗೌಡರಿಗೆ ಎದುರಾಡುವವರು ಊರಲ್ಲೇ ಇರಲಿಲ್ಲ. ಮೌನೇಶನೂ ಎದುರಾಡಲಿಲ್ಲ.

“ಆತ್ರಿ ಗೌಡ್ರ. ಮೊದಲ ನಿಮ್ಮ ಮನಿ ಊಟದ ಮೇಜಿಗೆ ಹೊಡೀತೀನಿ. ಆಮ್ಯಾಲೆ ಶಾಲಿಗೆ.”

ಗೌಡರು ಹಿಗ್ಗಿದರು.

ಮೊದಮೊದಲು ಗೌಡರ ಮನೆಯ ಮೇಜಿನ ಅಂಚು ಹೊಳೆಯಿತು. ಆಮೇಲೆ ಸಾರು ಚೆಲ್ಲಿ, ಕೈ ತಾಗಿ ಹಿತ್ತಾಳೆ ಕಪ್ಪಿಟ್ಟಿತು. ಗೌಡರ ಹೆಂಡತಿ ನೀಲವ್ವ ದೇವರ ಸಾಮಾನಿನ ಜೊತೆ ಮೇಜನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಬೇಕಾಯಿತು. ಒಂದು ಮುಂಜಾನೆ ಹುಣಸೆಹಣ್ಣಿನ ಬಟ್ಟಲನ್ನು ಗಂಡನ ಮುಂದೆ ಕುಕ್ಕಿದಳು.

“ಇನ್ನ ನೀವ ತಿಕ್ರಿ.”

ಅದೇ ಸಂಜೆ ಗೌಡರು ಮೌನೇಶನ ಅಂಗಳಕ್ಕೆ ಬಂದರು. ಬೆರಳೆಲ್ಲ ಕಪ್ಪು.

“ಭಾಳ ವಿಚಾರ ಮಾಡೇನಿ ಮೌನೇಶ. ಮಕ್ಕಳಿಗೆ ಸಾಗವಾನಿ ಪಟ್ಟಿನ ಚಲೋ.”

“ನೀವು ಹೇಳಿದ ಮ್ಯಾಲೆ ಮುಗೀತ್ರಿ.”

ಉದ್ಘಾಟನೆಯ ದಿನ ಗೌಡರು ಮೇಜಿನ ಅಂಚು ಸವರಿದರು. ಪಟ್ಟಿ ಕೂಡಿಸಿದ ಗೆರೆ ಎಲ್ಲೂ ಬೆರಳಿಗೆ ಸಿಗಲಿಲ್ಲ. “ಇದು ನನ್ನ ಆಯ್ಕೆ,” ಎಂದರು.

ಮೌನೇಶ ಎದೆಯುಬ್ಬಿಸಿ ಚಪ್ಪಾಳೆ ತಟ್ಟಿದ. ಹೆಂಗಸರ ಸಾಲಿನಿಂದ ಅವನಿಗಿಂತ ಜೋರಾಗಿ ತಟ್ಟಿದವಳು ನೀಲವ್ವ.