ಗಿರಣಿ ಎಂಜಿನ್ನಿನ ಪಂಚಮಿ

ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ, ಅವನ ಹತ್ತಿರ ಒಂದು ಕಾರಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ಊರಿನಲ್ಲಿ ಮೊದಲು ಇದ್ದದ್ದು ಕಾರು. ರಾಜ ಬಂದದ್ದು ಆಮೇಲೆ.

ಎಂಥ ಕಾರು ಅಂತೀರಿ? ಕೆಂಪು ಬಣ್ಣ. ಎರಡೇ ಸೀಟು. ತಲೆಯ ಮೇಲೆ ಸೂರಿಲ್ಲ. ಕೋಳಿ ಹಾರಿ ದಾಟುವಷ್ಟು ತಗ್ಗು. ರೇಸಿಗೆಂದೇ ಹುಟ್ಟಿದ ಕಾರು. ಊರಿನ ಯಾವ ಗಂಡಸು ಕೂತರೂ ಮೊಣಕಾಲು ಗದ್ದಕ್ಕೆ ಬಡಿಯುತ್ತಿತ್ತು. ಕೊನೆಗೆ ದೊಡ್ಡಭೂಪ ಎಂಬ ಗಿಡ್ಡ ಮನುಷ್ಯ ಸರಿಯಾಗಿ ಕೂತ. ಕೂತವನನ್ನು ಏಳಿಸುವುದು ಚೆನ್ನಾಗಿರುವುದಿಲ್ಲ ಎಂದು ಊರವರು ಅವನಿಗೇ ಪಟ್ಟ ಕಟ್ಟಿದರು. ಅವತ್ತಿನಿಂದ ಅವನು ಕಾರಿನಿಂದ ಇಳಿದಿರಲಿಲ್ಲ. ಇಳಿದರೆ ರಾಜನೋ ಅಲ್ಲವೋ ಎಂಬ ಅನುಮಾನ ಅವನಿಗೂ ಇತ್ತು.

ಆ ಕಾರಿನ ಮಿಸ್ತ್ರಿ ನಿಂಬೆವ್ವ. ಗಂಡ ಸತ್ತ ಮೇಲೆ ಬೋಲ್ಟು ಬಿಗಿಯುವ ಅವನ ಪಾನಾ ಎತ್ತಿಕೊಂಡು ಕೆಲಸ ಕಲಿತವಳು. ನಿಂಬೆವ್ವನ ತವರು ಜೋಳದಕಟ್ಟಿ. ಏಳು ದಿನದ ದಾರಿ. ಪಂಚಮಿ ಬಂದರೆ ಊರಿನ ಸೊಸೆಯರೆಲ್ಲ ತವರಿಗೆ ಹೋಗಿ ಜೋಕಾಲಿ ಆಡುತ್ತಿದ್ದರು, ಉಂಡಿ ತಿನ್ನುತ್ತಿದ್ದರು. ಆದರೆ ಅಣ್ಣನೋ ತಮ್ಮನೋ ಕುಪ್ಪಸದ ಖಣ ಹಿಡಿದು ಕರೆಯಲು ಬರಬೇಕು. ಕರೆಯದೆ ಹೋಗುವ ಹಾಗಿಲ್ಲ. ನಿಂಬೆವ್ವನಿಗೆ ಇದ್ದ ಒಬ್ಬನೇ ಅಣ್ಣ ತೀರಿಕೊಂಡು ಮೂವತ್ತೊಂದು ವರ್ಷ. ಮೂವತ್ತೊಂದು ಪಂಚಮಿಯೂ ಅವಳು ಊರ ಮುಂದಿನ ಅಗಸೆಬಾಗಿಲ ಕಟ್ಟೆಯ ಮೇಲೆ ಕೂತು ದಾರಿ ನೋಡಿದಳು. ಯಾರೂ ಬರುವುದಿಲ್ಲ ಎಂದು ಗೊತ್ತಿದ್ದೂ ನೋಡಿದಳು.

ಹೀಗಿರುವಾಗ ಒಂದು ದಿನ ಕಾರಿನ ಎಂಜಿನ್ ಸತ್ತಿತು. ಒಮ್ಮೆ ಕೆಮ್ಮಿತು, ಎರಡು ಸಲ ಸೀನಿತು, "ನಾ ಇನ್ನ ಬರತೀನಿ" ಅಂದಿತು. ಅಷ್ಟೇ. ಹನ್ನೊಂದು ದಿನ ಕಾರು ಅತ್ತಿತು. ಹನ್ನೆರಡನೆಯ ದಿನ ರಾಜ ಮಂತ್ರಿ ಕಲ್ಲೋಳೆಪ್ಪನನ್ನು ಕರೆಸಿದ.

"ಬ್ಯಾರೆ ಎಂಜಿನ್ ಕುಂದರಸ್ರಿ."

"ಕುಂದರಸೂದು ಅಂದ್ರೇನ್ರಿ ದೊರೆಗಳ? ಸಂಬಂಧ ಅದು. ಮನಿಗೆ ಸೊಸಿ ತಂದಂಗ. ಮನಿತನ ನೋಡಬೇಕು, ತವರ ಎಲ್ಲಿ ಅಂತ ಕೇಳಬೇಕು."

"ಕೇಳ್ರಿ. ಲಗೂನ ಕೇಳ್ರಿ. ನಡಿಯೂದು ನನಗ ಮರತ ಹೋಗೇತಿ."

ಒಪ್ಪುವುದು ಬಿಡುವುದು ನಿಂಬೆವ್ವನ ಕೈಯಲ್ಲಿ ಎಂದು ತೀರ್ಮಾನವಾಯಿತು.

ಮೊದಲು ವಿಮಾನದ ಎಂಜಿನ್ ಬಂತು. ಬಂದದ್ದೇ ಮೂಗು ಮೇಲೆ ಮಾಡಿ ನಿಂತಿತು.

"ಎಷ್ಟು ಕುದುರಿ ಬಲ?" ಎಂದು ರಾಜ ಕೇಳಿದ.

"ನಾನೂರು."

ರಾಜ ಚಪ್ಪಾಳೆ ತಟ್ಟಿದ. ನಿಂಬೆವ್ವ ಕೇಳಿದಳು, "ನಾನೂರು ಕುದುರಿಗೆ ಕಣಿಕಿ ಎಲ್ಲಿಂದ ತರತೀರಿ ದೊರೆಗಳ? ಇಡೀ ಊರು ಹುಲ್ಲಿಗೆ ಹೋಗಬೇಕಾಗತೈತಿ. ಕಾರ್ ನೋಡಾಕ ಯಾರೂ ಉಳಿಯಂಗಿಲ್ಲ."

"ಮತ್ತ ನಾ ನೆಲದ ಮ್ಯಾಲ ಓಡಂಗಿಲ್ಲ," ಎಂದಿತು ಎಂಜಿನ್. "ಬೇಕಾದ್ರ ಕಾರ ಮ್ಯಾಲ ಬರಲಿ."

ಎತ್ತರ ಎಂದರೆ ಕಾರಿಗೆ ಹೆದರಿಕೆ. ಅದು ಎರಡೂ ದೀಪ ಮುಚ್ಚಿಕೊಂಡಿತು. ಸಂಬಂಧ ಮುರಿಯಿತು.

ಎರಡನೆಯದು ಬಸ್ಸಿನ ಎಂಜಿನ್. ಒಳ್ಳೆಯ ಮನೆತನ, ಗಟ್ಟಿ ಮೈ. ಆದರೆ ಕಾರಿನ ಬಾನೆಟ್ಟಿನ ಕೆಳಗೆ ಇದ್ದ ಜಾಗ ಒಂದು ರೊಟ್ಟಿಬುಟ್ಟಿಯಷ್ಟು. ಎಂಜಿನ್ನೋ ಜೋಳದ ಕಣಜದಷ್ಟು.

"ಹಿಡಿಯಂಗಿಲ್ರಿ," ಎಂದಳು ನಿಂಬೆವ್ವ.

"ಹೆಂಗರ ಮಾಡಿ ಕುಂದರಸು," ಎಂದ ರಾಜ.

ಕಾರಿನೊಳಗೆ ಎಂಜಿನ್ ಹೋಗಲಿಲ್ಲ. ಅದಕ್ಕೆ ಅವಳು ಎಂಜಿನ್ನಿನೊಳಗೆ ಕಾರನ್ನು ಕೂರಿಸಿದಳು. ಓಡಿತು, ಇಲ್ಲವೆನ್ನುವಂತಿಲ್ಲ. ಆದರೆ ಪ್ರತಿ ಕಟ್ಟೆಗೂ ನಿಲ್ಲುತ್ತಿತ್ತು. ಯಾರಾದರೂ "ರೈಟ್ ರೈಟ್" ಎಂದ ಹೊರತು ಏಳುತ್ತಿರಲಿಲ್ಲ. ಒಬ್ಬನೇ ಕೂತ ರಾಜನಿಗೆ "ಒಳಗ ಸರೀರಿ, ಇನ್ನೂ ಒಳಗ ಸರೀರಿ" ಎನ್ನುತ್ತಿತ್ತು.

ಸಂಜೆ ಮಂತ್ರಿ ರಾಜನ ಕಿವಿಯಲ್ಲಿ ಹೇಳಿದ, "ಮಂದಿ ನಗಾಕ ಹತ್ಯಾರ್ರಿ. ಕಾರಿನ ಮನಿಗೆ ಎಂಜಿನ್ ಬಂದಿಲ್ಲ, ಎಂಜಿನ್ ಮನಿಗೆ ಕಾರು ಹೋಗೇತಿ. ನಮ್ಮ ಕಾರು ಮನಿಅಳಿಯ ಆತು."

ರಾಜನ ಮುಖ ಸಣ್ಣದಾಯಿತು. ಬಸ್ಸಿನ ಎಂಜಿನ್ನನ್ನು ಉಡಿ ತುಂಬಿ ಕಳಿಸಿಕೊಟ್ಟರು.

ಮೂರನೆಯದು ಚಕ್ಕಡಿಯಲ್ಲಿ ಬಂತು, ಗೋಣಿಚೀಲ ಹೊದ್ದುಕೊಂಡು. ನಿಂಬೆವ್ವ ಚೀಲ ಸರಿಸಿದಳು. ಜೋಳದ ಹಿಟ್ಟಿನ ವಾಸನೆ ಗಮ್ಮೆಂದಿತು. ಅವಳ ಕೈಯಲ್ಲಿದ್ದ ಪಾನಾ ಕೆಳಗೆ ಬಿತ್ತು. ಅದು ಜೋಳದಕಟ್ಟಿಯ ಹಿಟ್ಟಿನ ಗಿರಣಿಯ ಎಂಜಿನ್.

"ಯಾರ ಮಗಳ ನೀ?" ಎಂದು ಎಂಜಿನ್ ಕೇಳಿತು.

"ಕರೆವ್ವನ ಮಗಳು. ನಿಂಬಿ."

"ಗಿರಣ್ಯಾಗ ಪಾಳಿ ತಪ್ಪಿಸಿ ಮುಂದ ನುಗ್ಗತಿದ್ದೆಲ್ಲ, ಅಕಿ ನೀನ?"

"ಇನ್ನೂ ನೆನಪೈತೇನಬೇ?"

"ನೆನಸೂದು ಬಿಟ್ರ ಏನ್ ಕೆಲಸೈತಿ ನನಗ? ಊರಿಗೆ ಕರೆಂಟ್ ಬಂತು. ಗಿರಣಿಗೆ ಮೋಟರ್ ಕುಂದರಸಿದ್ರು. ನಾ ಮೂಲಿ ಹಿಡದೆ."

"ಎಷ್ಟು ಕುದುರಿ?" ಎಂದು ರಾಜ ನಡುವೆ ಬಾಯಿ ಹಾಕಿದ.

"ಆರು. ಅದರಾಗ ಒಂದು ಕುಂಟು."

ರಾಜ ನಿಂಬೆವ್ವನನ್ನು ನೋಡಿದ. ಮಂತ್ರಿ ನಿಂಬೆವ್ವನನ್ನು ನೋಡಿದ. ಅವಳ ಜೀವವೆಲ್ಲ ಹೂಂ ಅನ್ನು ಎನ್ನುತ್ತಿತ್ತು. ಆದರೆ ಮಿಸ್ತ್ರಿ ಸುಳ್ಳು ಹೇಳಬಾರದು. ಅವಳು ರೊಟ್ಟಿಬುಟ್ಟಿ ತಂದು ಎಂಜಿನ್ನಿನ ಮೇಲೆ ಬೋರಲು ಹಾಕಿದಳು. ಸರಿಯಾಗಿ ಮುಚ್ಚಿತು.

"ಹಿಡೀತೈತ್ರಿ," ಎಂದಳು. "ಓಡೂದು ಅಷ್ಟರಾಗ ಐತಿ. ಆದ್ರ ಹೊಂಟದ್ದು ನಿಲ್ಲಂಗಿಲ್ಲ."

ಕಾರನ್ನು ಕೇಳಿದರು. ಕಾರು ನಾಚಿಕೊಂಡು ಒಂದೇ ದೀಪ ಮಿಟುಕಿಸಿತು.

"ನಂದೊಂದು ಮಾತೈತಿ," ಎಂದಿತು ಎಂಜಿನ್. "ಪಂಚಮಿಗೆ ನನ್ನ ತವರಿಗೆ ಕಳಸಬೇಕು."

"ಯಾವ ಸೊಸಿ ಕೇಳೂದಿಲ್ಲ ಅದನ್ನ? ಕಳಸ್ತೀವಿ," ಎಂದ ರಾಜ. ಕೂತು ಕೂತು ಅವನಿಗೆ ಬೇಸರ ಬಂದಿತ್ತು.

ಆರು ಬೋಲ್ಟು ಬಿಗಿದು, ಆರತಿ ಎತ್ತಿ, ಎಂಜಿನ್ನನ್ನು ಒಳಗೆ ಮಾಡಿಕೊಂಡರು. ಕಾರು ಟುಕ್ ಟುಕ್ ಎಂದು ಹೊರಟಿತು. ಕೋಳಿಗಳು ಅದನ್ನು ಹಿಂದೆ ಹಾಕಿ, ತಿರುಗಿ ನಿಂತು, "ಬರತೀರೋ ಹೆಂಗ?" ಎಂದು ಕೇಳಿದವು. ಆದರೆ ಹೊಗೆ ಕೊಳವೆಯಿಂದ ಹೊಗೆಯ ಬದಲು ಹಿಟ್ಟು ಬರುತ್ತಿತ್ತು. ಊರವರು ಮುಂದಿನಿಂದ ಜೋಳ ಸುರಿದು, ಹಿಂದಿನಿಂದ ಬುಟ್ಟಿ ಹಿಡಿದು ನಡೆದರು. ಯಾವ ರಾಜನ ಹಿಂದೆಯೂ ಅಷ್ಟು ಪ್ರಜೆಗಳು ನಡೆದಿರಲಿಲ್ಲ. ದೊಡ್ಡಭೂಪ ರೇಸನ್ನು ಮರೆತೇಬಿಟ್ಟ.

ಪಂಚಮಿಗೆ ಇನ್ನು ಹತ್ತು ದಿನ ಇತ್ತು. ನಿಂಬೆವ್ವ ಕಟ್ಟೆಯ ಮೇಲೆ ಕೂತಳು. ಹೊತ್ತೇರುತ್ತಿದ್ದಂತೆ ದಾರಿಯಲ್ಲಿ ಧೂಳು ಎದ್ದಿತು. ಧೂಳಿನೊಳಗಿಂದ ಗಿರಣಿಯ ಬೀಸುವ ಕಲ್ಲು ಉರುಳುತ್ತಾ ಬಂತು. ಏಳು ದಿನ ಉರುಳಿ ಉರುಳಿ ಅದಕ್ಕೆ ಏದುಸಿರು. ನಡುವಿನ ತೂತಿಗೆ ಒಂದು ಗಂಟು ಸಿಕ್ಕಿಸಿಕೊಂಡಿತ್ತು.

"ತಂಗೀನ್ನ ಕರಿಯಾಕ ಬಂದೀನಿ," ಎಂದಿತು ಕಲ್ಲು.

ಎಂಜಿನ್ ಹೊರಡಲು ಎದ್ದಿತು. ಆದರೆ ಆರು ಬೋಲ್ಟು ಬಿಗಿದ ಸಂಬಂಧ, ಕಾರನ್ನು ಬಿಟ್ಟು ಹೋಗುವುದು ಹೇಗೆ? ಕಾರು ಹೇಳಿತು, "ಮಿಸ್ತ್ರಿ ಬರದ ನಾ ಬರಂಗಿಲ್ಲ. ದಾರ್ಯಾಗ ಕೆಟ್ಟರ ಯಾರು ನೋಡೂರು?"

ಎಲ್ಲರೂ ನಿಂಬೆವ್ವನ ಕಡೆ ತಿರುಗಿದರು.

"ನನ್ನ ಯಾರೂ ಕರಿಯಾಕ ಬಂದಿಲ್ಲ," ಎಂದಳು ಅವಳು. "ಕರೀದ ಹೆಂಗ ಬರಲಿ?"

"ನಾ ಹುಕುಂ ಕೊಡತೀನಿ, ಹೋಗು," ಎಂದ ರಾಜ.

"ಹುಕುಂ ಮ್ಯಾಲ ಹೋಗೂದು ಜೈಲಿಗೆ ದೊರೆಗಳ. ತವರಿಗಲ್ಲ."

ಆಗ ಕಲ್ಲು ಗಂಟು ಬಿಚ್ಚಿತು. ಒಳಗೆ ಎರಡು ಖಣ ಇದ್ದವು, ಒಂದು ಹಸಿರು, ಒಂದು ಕೆಂಪು.

"ಬೀಸೂ ಕಲ್ಲು ಅಂದ್ರ ನಾವು ಇಬ್ಬರು," ಎಂದಿತು. "ಮ್ಯಾಲಿನಾಂವ ನಾನು. ಕೆಳಗಿನಾಂವ ನಮ್ಮ ತಮ್ಮ. ಗಿರಣಿ ಕಾಯಾಕ ಅಲ್ಲೇ ಉಳದಾನ. ಏನ್ ತಂದ್ರೂ ಎರಡ ತರೂದು ನಮ್ಮ ಪದ್ಧತಿ. ಹಸಿರು ನಂದು, ಎಂಜಿನ್ ತಂಗಿಗೆ. ಕೆಂಪು ತಮ್ಮಂದು, ನಿಂಬಿಗೆ. ಹೊಂಡೂ ಮುಂದ ಹೇಳಿದ, ನಿಂಬಿ ಹುಟ್ಟಿ ಲಗ್ನಾಗಿ ಹೋಗೂತನ ಅಕಿ ರೊಟ್ಟಿ ಹಿಟ್ಟು ನಾವ ಬೀಸೇವಿ. ನಾವಲ್ದ ಮತ್ಯಾರು ಅಣ್ಣ ತಮ್ಮಂದಿರು ಅಂತ."

ನಿಂಬೆವ್ವ ಖಣ ತೆಗೆದುಕೊಂಡು ಬಹಳ ಹೊತ್ತು ಅದರ ಅಂಚು ನೋಡಿದಳು.

"ಇಷ್ಟು ವರ್ಷ ಯಾಕ ಬರಲಿಲ್ಲ ಅಣ್ಣಾ?"

"ಕಲ್ಲು ಉರುಳಾಕ ನೆವ ಬೇಕಲ್ಲವಾ. ಸುಮ್ಮನ ಉರುಳಿದ್ರ ಮಂದಿ ಏನಂದಾರು?"

ಸೀಟು ಇದ್ದದ್ದು ಎರಡೇ. ಒಂದರಲ್ಲಿ ನಿಂಬೆವ್ವ ಕೂರಬೇಕು, ಇನ್ನೊಂದರಲ್ಲಿ ಅಣ್ಣ. ದೊಡ್ಡಭೂಪ ಒಂದು ಕಾಲು ಹೊರಗಿಟ್ಟ. ಇನ್ನೊಂದೂ ಇಟ್ಟ. ಇಳಿದರೂ ಜನ ಅವನನ್ನು ದೊರೆಗಳೇ ಎಂದರು. ಅವನಿಗೇ ಆಶ್ಚರ್ಯ.

"ತಿರಗಿ ಯಾವಾಗ?" ಎಂದು ಕೇಳಿದ.

"ಗಂಡನ ಮನಿಯವರು ಕರಿಯಾಕ ಬಂದಾಗ," ಎಂದಿತು ಕಲ್ಲು. "ಅಂದ್ರ ನೀವ ಬರಬೇಕು. ನಡಕೊಂಡು."

"ನಾಳೆನ ಹೊಂಡಲಿ?"

ನಿಂಬೆವ್ವ ಕೆಂಪು ಖಣವನ್ನು ಉಡಿಯಲ್ಲಿ ಇಟ್ಟುಕೊಂಡು ಸ್ಟೇರಿಂಗ್ ಹಿಡಿದಳು.

"ಸಾವಕಾಶ ಬರ್ರಿ ದೊರೆಗಳ. ಇನ್ನೂ ಮೂವತ್ತೊಂದು ಪಂಚಮಿ ಜೋಕಾಲಿ ಆಡೂದೈತಿ."

ಕಾರು ಟುಕ್ ಟುಕ್ ಎಂದು ಅಗಸೆ ದಾಟಿತು.

ಇದರಿಂದ ತಿಳಿಯುವ ನೀತಿ ಇಷ್ಟೇ: ಕಾರಿಗೆ ಎಂಜಿನ್ ನೋಡುವಾಗ ಎಷ್ಟು ಕುದುರೆ ಎಂದು ಕೇಳಬೇಡಿ, ತವರು ಎಲ್ಲಿ ಎಂದು ಕೇಳಿ. ಕತೆ ಜೋಳದಕಟ್ಟಿಗೆ ಹೋಯಿತು, ಹಿಟ್ಟು ನಮ್ಮ ಬುಟ್ಟಿಗೆ ಬಂತು. ರಾಜ ಇನ್ನೂ ದಾರಿಯಲ್ಲಿದ್ದಾನೆ. ನಿಮಗೆಲ್ಲಾದರೂ ಸಿಕ್ಕು ದಾರಿ ಕೇಳಿದರೆ, ಸ್ವಲ್ಪ ಸುತ್ತಿನದನ್ನೇ ತೋರಿಸಿ.